ಮೂರನೆಯ ಬಡಾವಣೆಯ ಫೋಟೋ

ಹುಬ್ಬಳ್ಳಿಗೆ ವರ್ಗವಾಗಿ ಬಂದ ನರ್ಸ್ ನೀಲಾಂಬಿಕಾಗೆ ಬಾಡಿಗೆ ಮನೆ ತೋರಿಸುವ ಮೊದಲು, ಏಜೆಂಟ್ ಮಲ್ಲೇಶಪ್ಪ ಎಲ್ಲ ಗಿರಾಕಿಗಳಿಗೂ ಮಾಡುವಂತೆ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಯಾವ ಬಡಾವಣೆಯ ಶಾಲೆಗೆ ಸೇರಿಸಿದರೆ ಮಗು ಇಪ್ಪತ್ತೈದನೆಯ ವಯಸ್ಸಿನಲ್ಲಿ ಏನಾಗಿರುತ್ತದೆ ಎಂದು ಈಗಲೇ ತೋರಿಸುವ ಫೋಟೋಗಳು, ಬಡಾವಣೆಗೊಂದು. ಅವನ್ನು ನೋಡದೆ ಈಗ ಯಾರೂ ಮನೆ ಹಿಡಿಯುತ್ತಿರಲಿಲ್ಲ. ಆರು ವರ್ಷದ ಮಗಳು ಮುಕ್ತಾ ಪಕ್ಕದಲ್ಲಿ ಕಾಲಾಡಿಸುತ್ತ ಕೂತಿದ್ದಳು.

ಮೊದಲನೆಯ ಫೋಟೋದಲ್ಲಿ ಮುಕ್ತಾ ಡಾಕ್ಟರಾಗಿ ಔಷಧಿ ಚೀಟಿ ಬರೆಯುತ್ತಿದ್ದಳು. ಎರಡನೆಯದರಲ್ಲಿ ದೊಡ್ಡ ಅಧಿಕಾರಿಯಾಗಿ ಸಹಿ ಹಾಕುತ್ತಿದ್ದಳು. ಎರಡರಲ್ಲೂ ಪೆನ್ನು ಬಲಗೈಯಲ್ಲಿತ್ತು.

“ನನ್ನ ಮಗಳು ಎಡಗೈಲೆ ಬರೀತಾಳ್ರೀ,” ಅಂದಳು ನೀಲಾಂಬಿಕಾ.

“ಛಲೋ ಸಾಲ್ಯಾಗ ಅದನ್ನೂ ತಿದ್ದತಾರ ಬಿಡ್ರಿ, ಅಕ್ಕಾರ.”

ಮೂರನೆಯದನ್ನು ಅವನು ಬೋರಲು ಇಟ್ಟಿದ್ದ. ನೀಲಾಂಬಿಕಾ ತಾನೇ ತಿರುಗಿಸಿದಳು. ಸವೆದ ಚಪ್ಪಲಿಯ ಮುಕ್ತಾ ಯಾವುದೋ ಕಚೇರಿಯ ದೊಡ್ಡ ಮೇಜಿನ ಮುಂದೆ ನಿಂತು, ಎಡಗೈ ಎತ್ತಿ ಸಾಹೇಬರೊಬ್ಬರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

“ಅದು ಬ್ಯಾಡ್ರಿ,” ಅಂದ ಮಲ್ಲೇಶಪ್ಪ. “ಆ ಸಾಲಿ ಹುಡುಗ್ರು ದೊಡ್ಡವರಿಗೆ ಎದುರು ಮಾತಾಡ್ತಾವ. ಅದಕ್ಕ ಅಲ್ಲಿ ಮನಿ ಖಾಲಿ ಬಿದ್ದಾವ.”

“ಇಕಿ ಏನು ಕೇಳಾಕತ್ತಾಳ?”

“ಫೋಟೋದಾಗ ಮಾತು ಕೇಳಸಂಗಿಲ್ರೀ.”

“ಹಂಗಾದ್ರ ಅಲ್ಲೇ ಇದ್ದು ಕೇಳಿಸ್ಕೋತೀನಿ. ಆ ಮನಿ ಕೀಲಿ ಕೊಡ್ರಿ.”

ಮಲ್ಲೇಶಪ್ಪ ಗೊಣಗುತ್ತ ಕೀಲಿ ತೆಗೆದ. ಅಮ್ಮನಿಗಿಂತ ಮೊದಲೇ ಮುಕ್ತಾ ಎಡಗೈ ಚಾಚಿದಳು.

“ಬಲಗೈಲೆ ತಗೋಬೇಕವಾ,” ಅಂದ ಅವನು.

ಮುಕ್ತಾ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

“ಯಾಕ?” ಅಂದಳು.