ಎರಡು ಹಾಡುಗಳ ನಡುವೆ

ಶವಸಂಸ್ಕಾರದ ಮರುದಿನ ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. ಸ್ಟುಡಿಯೋದ ಮುದುಕ ಹೋಲ್ಗರ್. "ಸಿಗ್ನೆ, ಕೊನೇ ಟೇಪು ಯಾರಾದ್ರೂ ಕೇಳಿ ಹೂಂ ಅನ್ಬೇಕಮ್ಮ. ನಿನ್ನ ಗಂಡ ಇಲ್ಲ, ಇನ್ನು ನೀನೇ. ನೀನು ಒಪ್ಪಿದ್ರೇನೇ ರೆಕಾರ್ಡು ಹೊರಗೆ ಬರೋದು."

ಕೋಪನ್‌ಹೇಗನ್ನಿನ ಹಿಮಗಾಳಿಯಲ್ಲಿ ಸೈಕಲ್ ತುಳಿಯುತ್ತಿದ್ದರೂ ಸಿಗ್ನೆಯ ಬೆನ್ನು ಬೆವರಿತು. ಎರಡು ಹಾಡುಗಳ ನಡುವೆ ಹೋಲ್ಗರ್ ರೆಕಾರ್ಡಿಂಗ್ ಯಂತ್ರ ನಿಲ್ಲಿಸುವವನಲ್ಲ. ಕೊನೆಯ ರೆಕಾರ್ಡಿಂಗಿನ ದಿನ ಅಲ್ಲಿ ಆಡಿದ ಮಾತೆಲ್ಲ ಟೇಪಿನಲ್ಲಿರುತ್ತದೆ. ಅಂದು ಬೆಳಿಗ್ಗೆ ಗಂಡ ವೆಂಡೆಲ್, ಮೈ ಸರಿಯಿಲ್ಲ, ಇವತ್ತು ಬೇಡ ಎಂದಿದ್ದ. "ಅಮೆರಿಕ ಬಿಟ್ಟು ಬಂದು ಆರು ವರ್ಷ ಕಾದಿದ್ದು ಈ ಒಂದು ದಿನಕ್ಕೆ. ಏಳು," ಎಂದು ಸ್ಯಾಕ್ಸೊಫೋನಿನ ಪೆಟ್ಟಿಗೆ ಕೈಗೆ ಕೊಟ್ಟು ಬಾಗಿಲವರೆಗೆ ತಳ್ಳಿದವಳು ಅವಳೇ. ಅದೇ ರಾತ್ರಿ ನಿದ್ದೆಯಲ್ಲಿ ಅವನ ಹೃದಯ ನಿಂತಿತು. ಬಾಗಿಲಲ್ಲಿ ನಡೆದದ್ದು ಯಾರಿಗೂ ಗೊತ್ತಿಲ್ಲ. ಟೇಪಿಗೆ ಗೊತ್ತಿದ್ದರೆ?

ಸ್ಟುಡಿಯೋದಲ್ಲಿ ಹೋಲ್ಗರ್ ಟೇಪಿನ ಗುಂಡಿ ಒತ್ತಿದ. ಸ್ಯಾಕ್ಸೊಫೋನ್ ಏರಿತು, ಏರಿದಲ್ಲೇ ತಡವರಿಸಿ ನಿಂತಿತು.

"ಏನಯ್ಯಾ, ಬೆಳಿಗ್ಗೇನೇ ಹಾಕ್ಕೊಂಡ್ ಬಂದ್ಯಾ?" ಟೇಪಿನಲ್ಲಿ ಡ್ರಮ್ಮಿನವನ ದನಿ. ಯಾರೋ ನಕ್ಕರು.

"ಇಲ್ಲ ಮಾರಾಯ. ಬೆರಳು ಮಾತು ಕೇಳ್ತಿಲ್ಲ," ವೆಂಡೆಲ್ ಹೇಳಿದ.

"ಮನೆಗೆ ಹೋಗು ಹಾಗಾದ್ರೆ."

ಸಿಗ್ನೆ ಕುರ್ಚಿಯ ಅಂಚು ಹಿಡಿದಳು. ಈಗ ಹೇಳುತ್ತಾನೆ.

"ಹೋದ್ರೆ ಅವಳು ಹೆದರ್ತಾಳೆ. ಮುಗಿಸಿಬಿಡೋಣ."

ಮತ್ತೆ ನುಡಿಸಿದ. ಈ ಸಲ ಎಲ್ಲೂ ತಡವರಿಸಲಿಲ್ಲ.

ಹೋಲ್ಗರ್ ಟೇಪು ಕತ್ತರಿಸುವ ಬ್ಲೇಡು ಎತ್ತಿಕೊಂಡ. "ಮಾತು ಕತ್ತರಿಸ್ಲಾ?"

"ಕತ್ತರಿಸಿ. ನುಡಿಸಿದ್ದು ಹೊರಗೆ ಬರಲಿ, ಸಾಕು."

ಹೊರಡುವ ಮುನ್ನ ಅವಳು ಚೀಲದಿಂದ ಒಂಟಿ ಉಣ್ಣೆಯ ಕೈಗವಸು ತೆಗೆದು ಮೇಜಿನ ಮೇಲಿಟ್ಟಳು. ಅದರೊಳಗೆ ಹೋಲ್ಗರ್‌ನ ಹೆಸರು ಹೊಲಿದಿತ್ತು. "ಅವತ್ತು ನಿಮ್ಮ ಹತ್ರ ಇಸ್ಕೊಂಡು ಬಂದಿದ್ದ. ಇನ್ನೊಂದು ಎಲ್ಲಿ ಕಳೆದೆ ಅಂತ ಅವನಿಗೆ ಬೈದೆ. ಮನೆಯೆಲ್ಲ ಹುಡುಕಿದೆ, ಸಿಗ್ಲಿಲ್ಲ. ಕ್ಷಮಿಸಿ."

ಹೋಲ್ಗರ್ ಮೇಜಿನ ಖಾನೆ ಎಳೆದು, ಅದರ ಜೊತೆಯದನ್ನು ತೆಗೆದು ಪಕ್ಕಕ್ಕಿಟ್ಟ.

"ಕಳೆದಿಲ್ಲಮ್ಮ. ಅವನು ಕೇಳಿದ್ದೇ ಒಂದು. ಎಡಗೈ ಮಾತ್ರ ತಣ್ಣಗಾಗ್ತಿದೆ ಅಂದ."