ಮನೆ ನೋಡಲು ಬಂದವರು

ದತ್ತು ಕೇಂದ್ರದಿಂದ ಮನೆ ಪರಿಶೀಲನೆಗೆ ಬಂದಿದ್ದ ಗ್ರೇಸಿ ಮೇಡಂ, ಗೋಡೆಗೊರಗಿ ನಿಂತಿದ್ದ ಐದು ವರ್ಷದ ಚಿನ್ಮಯಿಯತ್ತ ನೋಡಿ ಕೇಳಿದರು: "ಇವಳಿಗೆ ಲಸಿಕೆ ಎಲ್ಲಾ ಹಾಕಿಸಿದೀರಾ?"

"ಎಲ್ಲಾ ಆಗಿದೆ ಮೇಡಂ," ಎಂದ ಅವಳ ಅಪ್ಪ ವಾಗೀಶ, ತಡಮಾಡದೆ.

ತಾಯಿ ಪಂಕಜಾ ಗಂಡನತ್ತ ಒಮ್ಮೆ ನೋಡಿದಳು. ಎರಡನೇ ಮಗುವಿಗಾಗಿ ಅವರಿಬ್ಬರೂ ವರ್ಷಗಟ್ಟಲೆ ಕಾದಿದ್ದರು.

"ಇಲ್ಲ ಮೇಡಂ," ಎಂದಳು ಪಂಕಜಾ. "ಕೂಸಾಗಿದ್ದಾಗ ಒಂದ್ಸಲ ಚುಚ್ಚಿಸಿದ ಮೇಲೆ ಜ್ವರ ಏರಿ ಫಿಟ್ಸ್ ಬಂತು. ಆಮೇಲೆ ಹೆದರಿ ಯಾವುದೂ ಹಾಕಿಸ್ಲಿಲ್ಲ. ದಡಾರದ್ದೂ ಇಲ್ಲ."

ವಾಗೀಶ ಹೆಂಡತಿಯನ್ನು ದುರುಗುಟ್ಟಿಕೊಂಡು ನೋಡಿದ.

"ನಿಮಗೆ ಅಂತ ನೋಡಿರೋ ಗಂಡುಮಗುವಿನ ಹೃದಯ ತುಂಬಾ ದುರ್ಬಲ," ಎಂದರು ಗ್ರೇಸಿ ಮೇಡಂ. "ಇವಳಿಂದ ದಡಾರ ಅಂಟಿದ್ರೆ ಅವನು ಉಳಿಯೋದು ಕಷ್ಟ."

ಪಂಕಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಗಿದ್ರೆ ಅವನನ್ನ ನಮಗೆ ಕೊಡಬೇಡಿ ಮೇಡಂ. ಲಸಿಕೆ ಹಾಕಿಸಿರೋ ಮನೆಗೇ ಕೊಡಿ. ಎಲ್ಲಾದ್ರೂ ಚೆನ್ನಾಗಿರ್ಲಿ."

"ನಿನಗೇನು ತಲೆ ಕೆಟ್ಟಿದೆಯಾ?" ವಾಗೀಶ ಹೆಂಡತಿಯ ಮೇಲೆ ರೇಗಿದ.

ಗ್ರೇಸಿ ಮೇಡಂ ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಚಿನ್ಮಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು.

"ಪುಟ್ಟೀ, ಡಾಕ್ಟರ ಹತ್ರ ಹೋಗಿ ಲಸಿಕೆ ಹಾಕಿಸ್ಕೊ. ಅಲ್ಲಿವರೆಗೆ ನಿನ್ನ ತಮ್ಮ ಕಾಯ್ತಾನೆ."