ಅರ್ಧ ಕಮಿಷನ್

ಸೋಮವಾರಪೇಟೆಯ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ನಿಂತು ಸಣ್ಣಸ್ವಾಮಿ ಹೆಬ್ಬೆರಳಿನ ಮಸಿ ಒರೆಸಿಕೊಂಡ. ಆಮೇಲೆ ದಲ್ಲಾಳಿ ಮರುಳಸಿದ್ದಪ್ಪನ ಕೈಗೆ ಮೂವತ್ತು ರೂಪಾಯಿ ಇಟ್ಟ. ಮಾತಾಗಿದ್ದುದು ಅರವತ್ತು, ಮೂರು ಸಾವಿರದ ಮನೆಗೆ ನೂರಕ್ಕೆ ಎರಡರಂತೆ ಕಮಿಷನ್.

"ಅರ್ಧ ಹಿಡ್ಕಂಡಿದೀನಿ ಸಿದ್ದಪ್ಪನೋರೇ," ಎಂದು ಸಣ್ಣಸ್ವಾಮಿ ನಕ್ಕ. "ಮನೆ ತಗಂಡೋರಿಗೆಲ್ಲ ಅರ್ಧ ವಾಪಸ್ ಕೊಡ್ತೀರಂತಲ್ಲ, ಸಂತೇಲಿ ಹೇಳ್ತಿದ್ರು. ಅದಕ್ಕೋಸ್ಕರ ನೀವು ಮನೆಗಂಟ ಯಾಕೆ ಬರಬೇಕು? ಇಲ್ಲೇ ಮುರ್ಕಂಡೆ. ನಿಮಗೂ ತಾಪತ್ರಯ ತಪ್ತು."

ಅವನು ಕೇಳಿದ್ದು ಸುಳ್ಳಲ್ಲ. ಹೆಂಡತಿ ಸಿದ್ದಮ್ಮ ತೀರಿಕೊಂಡ ಮೇಲೆ ಮರುಳಸಿದ್ದಪ್ಪ ಹನ್ನೊಂದು ವರ್ಷದಿಂದ ಶನಿವಾರಸಂತೆಯಲ್ಲಿ, ಏಲಕ್ಕಿ ಮಂಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿದ್ದ. ಎರಡು ಹೊತ್ತೂ ಹೋಟೆಲಿನ ಊಟ. ಆ ಸೀಮೆಯಲ್ಲಿ ಯಾರಿಗೆ ಮನೆ ಕೊಡಿಸಿದರೂ ಗೃಹಪ್ರವೇಶದ ದಿನ ಕಮಿಷನ್ನಿನ ಅರ್ಧವನ್ನು ವೀಳ್ಯದೆಲೆಯಲ್ಲಿಟ್ಟು, ತೆಂಗಿನಕಾಯಿಯ ಜೊತೆ ಮನೆಯೊಡತಿಯ ಕೈಗೆ ಕೊಟ್ಟು ಬರುತ್ತಿದ್ದ. ಹಾಗೆ ಬಂದವನನ್ನು ಯಾರು ಬರಿಹೊಟ್ಟೆಯಲ್ಲಿ ಕಳಿಸುತ್ತಾರೆ? ನೆಂಟರ ಸಾಲಿನಲ್ಲಿ ಅವನಿಗೂ ಒಂದು ಎಲೆ ಬೀಳುತ್ತಿತ್ತು. ಪಕ್ಕದಲ್ಲಿ ಕೂತವರು "ನೀವು ಯಾರ ಕಡೆಯೋರು? ಯಜಮಾನರ ಕಡೆಯೋ, ಯಜಮಾನಿ ಕಡೆಯೋ?" ಎಂದು ವಿಚಾರಿಸಿದರೆ, "ನಾನು ಮನೆ ಕಡೆಯೋನು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆ ನಗೆ ಅವನಿಗೆ ಒಂದು ತಿಂಗಳಿಗೆ ಸಾಕಾಗುತ್ತಿತ್ತು.

"ಈಗ ಪೂರಾ ಕೊಟ್ಬಿಡಿ ಸ್ವಾಮಿ," ಎಂದ ಮರುಳಸಿದ್ದಪ್ಪ. "ಅವತ್ತು ನಾನೇ ತಂದು ಅಮ್ಮೋರ ಕೈಗೆ ಕೊಡ್ತೀನಿ."

"ಕೊಟ್ಟು ಈಸ್ಕಳಾಕೆ ಇದೇನು ಮಕ್ಕಳಾಟನಾ?"

"ಅದೂ ಸರಿ ಅನ್ನಿ. ಗೃಹಪ್ರವೇಶ ಯಾವತ್ತು?"

"ಬರೋ ಸೋಮವಾರ. ಕೊಡಗು ಮೈಸೂರು ರಾಜ್ಯಕ್ಕೆ ಸೇರೋ ಮೊದಲೇ ಪತ್ರ ಆಯ್ತಲ್ಲ, ಅಷ್ಟು ಸಾಕು. ದೊಡ್ಡದಾಗಿ ಏನಿಲ್ಲ, ನಮ್ಮ ಮನೆ ಮಟ್ಟಿಗೆ," ಎಂದವನೇ ಸಣ್ಣಸ್ವಾಮಿ ಬಸ್ಸು ಬಂತೇನೋ ಎಂದು ರಸ್ತೆ ನೋಡಿದ.

ಸೋಮವಾರ ಮರುಳಸಿದ್ದಪ್ಪ ಕ್ಷೌರ ಮಾಡಿಸಿಕೊಂಡು, ಮಡಿಸಿಟ್ಟ ಪಂಚೆ ಉಟ್ಟು, ತನ್ನ ಪಾಲಿಗೆ ಉಳಿದಿದ್ದ ಮೂವತ್ತು ರೂಪಾಯಿಯನ್ನು ವೀಳ್ಯದೆಲೆಯಲ್ಲಿಟ್ಟುಕೊಂಡು, ಒಂದು ತೆಂಗಿನಕಾಯಿ ಹಿಡಿದು ಹೊರಟ. ಶನಿವಾರಸಂತೆಯ ಆಚೆ ತುದಿಯಲ್ಲಿ, ಕೊಡ್ಲಿಪೇಟೆ ರಸ್ತೆಯ ಪಕ್ಕದಲ್ಲೇ ಆ ಮನೆ. ತಲುಪಿದಾಗ ಒಳಗೆ ಮೊದಲ ಪಂಕ್ತಿ ಕೂತಿತ್ತು. ಸಾರಿನ ಒಗ್ಗರಣೆಯ ವಾಸನೆ ಬೀದಿಗೇ ಬರುತ್ತಿತ್ತು.

ಸಣ್ಣಸ್ವಾಮಿಯ ಹೆಂಡತಿ ರಾಮಮ್ಮ ಬಾಗಿಲಿಗೆ ಬಂದಳು. ಕಾಯಿ, ಎಲೆ ಎರಡನ್ನೂ ಸೆರಗೊಡ್ಡಿ ತೆಗೆದುಕೊಂಡಳು. ಎಲೆಯೊಳಗಿನ ನೋಟು ಕಂಡದ್ದೇ ಅವಳ ಮುಖ ಬಣ್ಣಗೆಟ್ಟಿತು. "ರೀ, ಒಂಚೂರು ಇಲ್ಲಿ ಬನ್ನಿ."

ಸಣ್ಣಸ್ವಾಮಿ ಬಂದು ನೋಡಿದ. ದನಿ ತಗ್ಗಿಸಿ ಕೇಳಿದ, "ಅರ್ಧ ಆಗಲೇ ಮುರ್ಕಂಡಿದ್ನಲ್ಲ. ಮಿಕ್ಕಿದ್ದನ್ನೂ ಯಾಕೆ ತಂದ್ರಿ? ನಿಜ ಹೇಳಿ ಸಿದ್ದಪ್ಪನೋರೇ, ಪತ್ರದಲ್ಲಿ ಏನಾದ್ರೂ ತೊಡಕಿದ್ಯಾ? ದಾಯಾದಿಗಳು ಯಾರಾದ್ರೂ ತಕರಾರು ತೆಗೆದಿದಾರಾ?"

"ಹಿತ್ತಲ ಬಾವೀಲಿ ಯಾರಾದ್ರೂ ಬಿದ್ದು ಸತ್ತಿದ್ರಾ?" ಎಂದಳು ರಾಮಮ್ಮ. ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಂಡನ ಜೊತೆ ಇಪ್ಪತ್ತು ವರ್ಷ ತೋಟದ ದೊರೆ ಕೊಟ್ಟ ಮನೆಯಲ್ಲಿ ಬಾಳಿದವಳು. ತನ್ನದು ಎನ್ನುವ ಬಾಗಿಲಿನಲ್ಲಿ ನಿಂತದ್ದು ಇದೇ ಮೊದಲು.

"ದೇವರಾಣೆಗೂ ಏನೂ ಇಲ್ಲ ತಾಯಿ."

"ಮತ್ತೆ ಯಾವ ದಲ್ಲಾಳಿ ಪೂರ್ತಿ ಕಮಿಷನ್ ವಾಪಸ್ ಕೊಡ್ತಾನೆ?" ಎಂದ ಸಣ್ಣಸ್ವಾಮಿ.

ಅದಕ್ಕೆ ಇದ್ದದ್ದು ಒಂದೇ ಉತ್ತರ. ಊಟಕ್ಕೆ ಬಂದೆ. ಮಾತು ನಾಲಿಗೆಯ ತುದಿಯವರೆಗೂ ಬಂತು. ಎಷ್ಟೋ ಮನೆಗಳ ವ್ಯಾಪಾರ ಕುದುರಿಸಿದ ನಾಲಿಗೆ ಆ ಎರಡು ಪದಗಳನ್ನು ಹೊರಗೆ ಹಾಕಲಾರದೆ ಹೋಯಿತು. ಅವನು ಚೌಕಟ್ಟು ಹಿಡಿದು ನಿಂತ ರಾಮಮ್ಮನನ್ನೇ ನೋಡಿದ.

"ಅಯ್ಯೋ, ನನ್ನ ಮರೆವೇ!" ಎಂದು ಹಣೆ ಚಚ್ಚಿಕೊಂಡ. "ಕೊಡ್ಲಿಪೇಟೇಲೂ ಇವತ್ತೇ ಒಂದು ಗೃಹಪ್ರವೇಶ. ಅವರಿಗೆ ಅಂತ ಇಟ್ಕಂಡಿದ್ದನ್ನ ನಿಮ್ಮ ಕೈಗೆ ಹಾಕ್ದೆ ನೋಡಿ. ನಿಮಗೆ ಕಾಯಿ ಮಾತ್ರ. ಈ ಮನೆ ಚಿನ್ನದಂಥದು, ನೂರು ಕಾಲ ಬಾಳಿ."

ರಾಮಮ್ಮ ನೆಮ್ಮದಿಯ ಉಸಿರುಬಿಟ್ಟು ನೋಟಿನ ಸಮೇತ ಎಲೆಯನ್ನು ಅವನಿಗೇ ಕೊಟ್ಟಳು. ಸಣ್ಣಸ್ವಾಮಿ ಗಟ್ಟಿಯಾಗಿ ನಕ್ಕು ಅವನ ಹೆಗಲು ತಟ್ಟಿದ. ಒಳಗೆ ಯಾರೋ ಪಾಯಸಕ್ಕೆ ಕೂಗಿದರು.

"ಒಂದು ತುತ್ತು ಉಂಡು ಹೋಗಿ ಅಂತಿದ್ದೆ," ಎಂದಳು ರಾಮಮ್ಮ, ನಿಜವಾದ ಅಕ್ಕರೆಯಿಂದ. "ಆದ್ರೆ ಅಲ್ಲಿ ಎಲೆ ಹಾಕಿ ನಿಮಗೋಸ್ಕರ ಕಾಯ್ತಾ ಇರ್ತಾರಲ್ಲ."

"ಹೌದು ತಾಯಿ," ಎಂದ ಮರುಳಸಿದ್ದಪ್ಪ. "ಕಾಯ್ತಾ ಇರ್ತಾರೆ."

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಾಣಿಸಿತು. ಸಣ್ಣಸ್ವಾಮಿಯೇ ರಸ್ತೆಗಿಳಿದು ಕೈ ಅಡ್ಡ ಹಾಕಿ ನಿಲ್ಲಿಸಿದ. "ಬೇಗ ಬಿಡಪ್ಪ, ಯಜಮಾನರಿಗೆ ಊಟಕ್ಕೆ ಹೊತ್ತಾಗುತ್ತೆ," ಎಂದು ಕಂಡಕ್ಟರಿಗೆ ಹೇಳಿ, ಬಸ್ಸು ಮರೆಯಾಗುವವರೆಗೂ ನಿಂತು ಕೈ ಬೀಸಿದ.

ಮರುಳಸಿದ್ದಪ್ಪ ಕೊಡ್ಲಿಪೇಟೆಗೆ ಒಂದು ಟಿಕೆಟ್ ತೆಗೆದುಕೊಂಡ.